ಉಪಶಾಮಕ ಆರೈಕೆ ತಂಡ, ಕ್ಯಾನ್ಸರ್ ವಾರ್ಡುಗಳಲ್ಲಿ

ಆಸ್ಪತ್ರೆಗೆ ದಾಖಲಾದ ಕ್ಯಾನ್ಸರ್ ರೋಗಿಯ ನೋವು, ವಾಕರಿಕೆ, ಏದುಸಿರು, ಭಯಗಳನ್ನು ತಗ್ಗಿಸಲು, ಚಿಕಿತ್ಸೆ ನಡೆಸುತ್ತಿರುವ ವೈದ್ಯರು ಕರೆದಾಗ ಹಾಸಿಗೆಯ ಬಳಿಗೇ ಬರುವ ತಂಡ. ವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು ಇದರಲ್ಲಿರುತ್ತಾರೆ. ರೋಗಿಯ ಹೊಣೆ ಮೊದಲಿನ ವೈದ್ಯರದೇ. ಈ ತಂಡ ಬಂದಿತೆಂದು ಕೀಮೋ ನಿಲ್ಲಬೇಕಾಗಿಲ್ಲ.

ಇದರ ಬೇರು ಲಂಡನ್ನಿನಲ್ಲಿದೆ. ನರ್ಸ್ ಆಗಿ, ಬಳಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದು, ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಅಲ್ಲಿ ಸಾವಿನಂಚಿನ ರೋಗಿಗಳ ಆರೈಕೆಗೆಂದೇ ಇರುವ ಮನೆಯಾದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ರೋಗಿ ನರಳಿ ಬೇಡುವವರೆಗೂ ಕಾಯದೆ, ನೋವು ಮರಳುವ ಮೊದಲೇ ಹೊತ್ತು ಹೊತ್ತಿಗೆ ಮಾರ್ಫಿನ್ ಕೊಡುವುದು ಅಲ್ಲಿನ ಪದ್ಧತಿ. ಆದರೆ ಹಾಸ್ಪಿಸ್ಸಿನ ಹಾಸಿಗೆಗಳು ಎಷ್ಟು ಮಂದಿಗೆ ಸಾಕು? ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ನರಳುತ್ತಿದ್ದವರಿಗೆ ಈ ಆರೈಕೆ ದೂರವೇ ಉಳಿದಿತ್ತು.

ಸೇಂಟ್ ಕ್ರಿಸ್ಟೋಫರ್ಸ್‌ಗೆ ಬಂದು ಕಂಡು ಹೋದ ಕೆನಡಾದ ಶಸ್ತ್ರವೈದ್ಯ ಬಾಲ್ಫೋರ್ ಮೌಂಟ್, 1975ರಲ್ಲಿ ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯೊಳಗೇ ಇಂಥ ವಿಭಾಗ ಆರಂಭಿಸಿದರು. ಇತರ ವಾರ್ಡುಗಳಿಗೆ ಹೋಗಿ ಸಲಹೆ ಕೊಡುವ ತಂಡವೂ ಅದರಲ್ಲಿತ್ತು. ಆ ಊರಿನ ಫ್ರೆಂಚ್ ಮಾತಿನಲ್ಲಿ 'ಹಾಸ್ಪಿಸ್' ಎಂದರೆ ಅನಾಥರ, ನಿರ್ಗತಿಕರ ಆಶ್ರಯವೆಂಬ ಅರ್ಥ ಹೊಮ್ಮುತ್ತಿದ್ದುದರಿಂದ ಅವರು 'ಪ್ಯಾಲಿಯೇಟಿವ್ ಕೇರ್' ಎಂಬ ಹೆಸರು ಆರಿಸಿಕೊಂಡರು. ಮೇಲುಹೊದಿಕೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಈ ಹೆಸರು ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಅದೇ ಸುಮಾರಿಗೆ ನ್ಯೂಯಾರ್ಕಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ತನ್ನದೆನ್ನುವ ಒಂದು ಹಾಸಿಗೆಯೂ ಇಲ್ಲದೆ, ರೋಗಿ ಇದ್ದಲ್ಲಿಗೇ ಹೋಯಿತು. ಅದರ ಮಾದರಿಯಲ್ಲಿ 1977ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೇಡಿಯೋಥೆರಪಿ ವೈದ್ಯೆ ಥೆಲ್ಮಾ ಬೇಟ್ಸ್ ಕಟ್ಟಿದ ತಂಡ ಬ್ರಿಟನ್ನಿಗೆ ಮೊದಲನೆಯದು.

ಭಾರತದಲ್ಲಿ ಮೊದಲ ತೊಡಕು ಔಷಧದ್ದೇ. 1985ರ ಮಾದಕವಸ್ತು ಕಾಯ್ದೆ ಗುರಿಯಿಟ್ಟದ್ದು ಕಳ್ಳಸಾಗಣೆಗೆ, ಪೆಟ್ಟು ಬಿದ್ದದ್ದು ಕ್ಯಾನ್ಸರ್ ರೋಗಿಗಳಿಗೂ. ಪರವಾನಗಿಗಳ ಸಿಕ್ಕಿನಲ್ಲಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ನೋವು ಮತ್ತು ಉಪಶಾಮಕ ಆರೈಕೆಯ ಕ್ಲಿನಿಕ್ ಆರಂಭಿಸಿದವರಲ್ಲಿ ಒಬ್ಬರಾದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರ ದೀರ್ಘ ಹೋರಾಟದ ಬಳಿಕ, 2014ರಲ್ಲಿ ಕಾಯ್ದೆ ಸಡಿಲವಾಯಿತು.

ಉಪಶಾಮಕ ತಂಡವೆಂದರೆ ಸಾವಿನ ಸೂಚನೆ ಎಂಬ ಅಂಜಿಕೆಯಿಂದ ಎಷ್ಟೋ ಕಡೆ ಅದನ್ನು ತೀರ ತಡವಾಗಿ ಕರೆಯುತ್ತಾರೆ. ಆದರೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಆರಿಸಿಕೊಂಡದ್ದು ಸಾವಿನಂಚಿನವರನ್ನಲ್ಲ, ಬ್ಲಡ್ ಕ್ಯಾನ್ಸರಿಗೆ ಆಕರಕೋಶ (ಸ್ಟೆಮ್ ಸೆಲ್) ಕಸಿ ಮಾಡಿಸಿಕೊಳ್ಳುತ್ತಿದ್ದ 160 ಮಂದಿಯನ್ನು. ಅವರಲ್ಲಿ ವಾರಕ್ಕೆ ಎರಡು ಬಾರಿಯಾದರೂ ತಂಡ ಬಂದು ನೋಡಿದವರಿಗೆ ಆಸ್ಪತ್ರೆಯ ದಿನಗಳ ಬವಣೆ ತಗ್ಗಿತು. ಮೂರು ತಿಂಗಳ ಮೇಲೂ ಖಿನ್ನತೆಯ ಲಕ್ಷಣಗಳು ಉಳಿದವರಿಗಿಂತ ಕಡಿಮೆ ಇದ್ದವು.