ಮನೆಮಾತಿನ ಸತ್ಯವೇದ

1805ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ಡೆಸ್ ಗ್ರಾಂಜಸ್ ವಿಶಾಖಪಟ್ಟಣಕ್ಕೆ ಬಂದಾಗ ತೆಲುಗಿನಲ್ಲಿ ಅಚ್ಚಾದ ಸತ್ಯವೇದವಿರಲಿಲ್ಲ. ಬೆಂಜಮಿನ್ ಶುಲ್ಟ್ಜೆ ಹಿಂದಿನ ಶತಮಾನದಲ್ಲಿಯೇ ಮಾಡಿದ್ದ ಅನುವಾದ ಹಸ್ತಪ್ರತಿಯಾಗಿಯೇ ಉಳಿದಿತ್ತು. ಇವರಿಬ್ಬರೂ ತೆಲುಗು ಕಲಿತು, ಬ್ರಾಹ್ಮಣ ಮನೆತನದಿಂದ ಬಂದ ಕ್ರೈಸ್ತ ಆನಂದರಾಯರ ನೆರವಿನಿಂದ ಅನುವಾದಕ್ಕೆ ತೊಡಗಿದರು. ಕ್ರಾನ್ 1809ರಲ್ಲಿ, ಡೆಸ್ ಗ್ರಾಂಜಸ್ 1810ರಲ್ಲಿ ತೀರಿಕೊಂಡರು. ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳು ತೆಲುಗಿನಲ್ಲಿ ಸೆರಾಂಪುರದಲ್ಲಿ ಅಚ್ಚಾದದ್ದು 1812ರಲ್ಲಿ. ತಮ್ಮ ದುಡಿಮೆಯ ಫಲವನ್ನು ಇಬ್ಬರೂ ಕಣ್ಣಾರೆ ಕಾಣಲಿಲ್ಲ.

ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ವಿಲಿಯಂ ರೀವ್ ಮೊದಲಾದ ಜೊತೆಗಾರರೂ ದುಡಿದುದರಿಂದ 1830ರ ದಶಕದ ಆರಂಭದ ವೇಳೆಗೆ ಇಡೀ ಸತ್ಯವೇದ ಕನ್ನಡದಲ್ಲಿ ದೊರೆಯಿತು. ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತು.

ಈ ಛಲದ ಬೇರು ಜರ್ಮನಿಯಲ್ಲಿದೆ. 1522ರಲ್ಲಿ ಮಾರ್ಟಿನ್ ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದರು. ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಸಾಮಾನ್ಯನು ಆಡುವ ಮಾತನ್ನು ಕೇಳಿಯೇ ಅನುವಾದಿಸಬೇಕೆಂಬುದು 1530ರ ಪತ್ರದಲ್ಲಿ ಅವರು ಮುಂದಿಟ್ಟ ವಿಚಾರ. ದೇವರ ಮುಂದೆ ಪ್ರತಿಯೊಬ್ಬನೂ ತಾನೇ ನಿಲ್ಲಬೇಕಾದರೆ ಪ್ರತಿಯೊಬ್ಬನಿಗೂ ಓದು ಬರಬೇಕು. ಆದುದರಿಂದಲೇ 1524ರಲ್ಲಿ ಅವರು ನಗರಸಭೆಗಳಿಗೆ ಬರೆದು, ಹೆಣ್ಣುಮಕ್ಕಳಿಗೂ ಶಾಲೆ ಬೇಕೆಂದರು.

ಆದರೆ ಸುಧಾರಕರನ್ನು ಕಣ್ಣು ಮುಚ್ಚಿ ಪೂಜಿಸುವುದು ಸಲ್ಲದು. ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ತಮಗಾಗಿ ಬೇಡಿದವರೇ ಅದನ್ನು ಪರರಿಗೆ ನಿರಾಕರಿಸಿದರು. 1527ರಲ್ಲಿ ಸುಧಾರಿತ ಜ್ಯೂರಿಕ್ ನಗರವು ಫೆಲಿಕ್ಸ್ ಮಾಂಜ್‌ನನ್ನು ನದಿಯಲ್ಲಿ ಮುಳುಗಿಸಿ ಕೊಂದಿತು; ವಯಸ್ಕರಿಗೆ ದೀಕ್ಷಾಸ್ನಾನ ಮಾಡಿಸಬೇಕೆಂದದ್ದೇ ಅವನ ಅಪರಾಧ. 1553ರಲ್ಲಿ ಕ್ಯಾಲ್ವಿನ್‌ನ ಜಿನೀವಾ ಮೈಕೇಲ್ ಸರ್ವೆಟಸ್‌ನನ್ನು ಸುಟ್ಟಿತು. ಭಿನ್ನಮತವನ್ನು ಸಹಿಸದ ಸುಧಾರಣೆ ತನ್ನ ಮೂಲತತ್ತ್ವಕ್ಕೇ ಎರವಾಗುತ್ತದೆಂಬುದು ಇಂದಿನ ಸಭೆಗಳಿಗೂ ಪಾಠ.

ಇನ್ನೊಂದು ಪಾಠ ಹೊರನಾಡಿನ ನಮಗೆ ಇನ್ನೂ ಹತ್ತಿರದ್ದು. ಪರವಾಡದಂತಹ ಊರಿಗೆ ಉದ್ಯೋಗವರಸಿ ಬಂದ ಕನ್ನಡ ಕ್ರೈಸ್ತ ಕುಟುಂಬವು ತೆಲುಗು ಅಥವಾ ಇಂಗ್ಲಿಷ್ ಆರಾಧನೆಗೆ ಹೋಗುವುದು ಸಹಜ, ಅದರಲ್ಲಿ ತಪ್ಪೇನಿಲ್ಲ. ನೆರೆಯವರ ನುಡಿಯನ್ನು ಕಲಿತು ಗೌರವಿಸುವುದನ್ನು ವಿಶಾಖಪಟ್ಟಣದ ಆ ಇಬ್ಬರೇ ಮಾಡಿ ತೋರಿಸಿದ್ದಾರೆ. ಆದರೆ ಅಜ್ಜಿಯ ಕನ್ನಡ ಸತ್ಯವೇದವನ್ನು ಮೊಮ್ಮಕ್ಕಳು ಓದಲಾರದೆ ಹೋದರೆ, ಆ ಮನೆಯ ಪಾಲಿಗೆ ಕನ್ನಡವೇ ಲ್ಯಾಟಿನ್ ಆಗಿಬಿಡುತ್ತದೆ: ಪೂಜ್ಯ, ಆದರೆ ಮೂಕ. ಪರಕೀಯರು ಪ್ರಾಣ ಸವೆಸಿ ಕಲಿತ ಅಕ್ಷರಗಳನ್ನು ನಮ್ಮ ಮಕ್ಕಳಿಗೆ ಕಲಿಸಲು ವಾರಕ್ಕೊಂದು ಗಂಟೆ ಸಾಕು. ಧರ್ಮ ಯಾವುದೇ ಇರಲಿ, ಹೊರನಾಡಿನ ಪ್ರತಿ ಕನ್ನಡ ಮನೆಗೂ ಈ ಮಾತು ಸಲ್ಲುತ್ತದೆ.