ಪಿತ್ತ ಕೆರಳಿಸುವ ಮಾತು

ಒಬ್ಬನನ್ನು ಸಿಟ್ಟಿಗೆಬ್ಬಿಸಿದರೆ ಆಂಗ್ಲರು 'ಅವನ ರಕ್ತ ಕುದಿಸಿದರು' ಎನ್ನುತ್ತಾರೆ. 'ಪಿತ್ತ ಕದಡಿದರು' ಎಂಬ ವಾಡಿಕೆಯೂ ಅವರಲ್ಲಿತ್ತು. ಇಂದು ಇವು ಬರಿಯ ಅಲಂಕಾರವಾಗಿ ತೋರುತ್ತವೆ. ಹಿಂದೆ ಇವು ಶಾಸ್ತ್ರದ ಮಾತುಗಳೇ ಆಗಿದ್ದವು.

ಕೋಪವೆಂದರೆ ಹೃದಯದ ಸುತ್ತಣ ರಕ್ತದ ಕುದಿತವೆಂಬ ವಿವರಣೆ ಅರಿಸ್ಟಾಟಲನ ಬರಹದಲ್ಲಿಯೇ ಬರುತ್ತದೆ. ಗ್ರೀಕ್ ವೈದ್ಯರು ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತವೆಂದು ನಾಲ್ಕು ರಸಗಳನ್ನೆಣಿಸಿದರು. ಕ್ರಿ.ಶ. 2ನೆಯ ಶತಮಾನದ ಗೇಲನನು ಈ ಮತವನ್ನು ಬಲಪಡಿಸಿದನು. ಹಳದಿ ಪಿತ್ತ ಹೆಚ್ಚಿದವನು ಮುಂಗೋಪಿ. ಗ್ರೀಕರು ಪಿತ್ತವನ್ನು 'ಖೋಲೆ' ಎಂದರು. ಕೋಪಕ್ಕೆ ಇಂಗ್ಲಿಷಿನಲ್ಲಿರುವ 'ಕಾಲರ್' ಎಂಬ ಹಳೆಯ ಹೆಸರು ಅದರಿಂದಲೇ ಬಂದದ್ದು.

1628ರಲ್ಲಿ ಹಾರ್ವೆ ರಕ್ತಪರಿಚಲನೆಯನ್ನು ವಿವರಿಸಿದನು. 1858ರಲ್ಲಿ ವಿರ್ಖೋ ರೋಗದ ಮೂಲವನ್ನು ಜೀವಕೋಶಗಳಲ್ಲಿ ತೋರಿಸಿದನು. ನಾಲ್ಕು ರಸಗಳು ವೈದ್ಯಗ್ರಂಥಗಳಿಂದ ಮರೆಯಾದವು. ಜನರ ನಾಲಗೆಯಲ್ಲಿ ಮಾತ್ರ ಉಳಿದುಕೊಂಡವು.

ಸಿಟ್ಟು ಬಂದಾಗ ನಾವೂ 'ಪಿತ್ತ ನೆತ್ತಿಗೇರಿತು' ಎನ್ನುತ್ತೇವಷ್ಟೆ. ಆಯುರ್ವೇದದ ಪಿತ್ತವೂ ಉಷ್ಣಗುಣದ್ದೇ. ಯಾರು ಯಾರಿಂದ ಕಲಿತರೆಂಬ ಜಗಳ ಬೇಡ. ಸಿಟ್ಟಿನಿಂದ ಮೈ ಕಾಯುವುದು ಎಲ್ಲರಿಗೂ ಒಂದೇ. ಹಳೆಯ ನುಡಿಗಟ್ಟನ್ನು ಸವಕಲೆಂದು ಎಸೆಯುವ ಮುನ್ನ ಒಮ್ಮೆ ಬಿಡಿಸಿ ನೋಡೋಣ. ವೈದ್ಯರು ಕೈಬಿಟ್ಟ ಶಾಸ್ತ್ರವನ್ನು ಅಜ್ಜಿಯ ಬೈಗುಳ ಕಾಪಾಡಿಕೊಂಡು ಬಂದಿರುತ್ತದೆ.