ಕೈಯಾರೆ ತುಂಬಿದ ಈಡು

1705ರ ಫೆಬ್ರವರಿಯಲ್ಲಿ ವಾಗಣಗೇರಾ ಕೋಟೆಯ ಎದುರು ಡೇರೆ ಹೂಡಿದಾಗ ಔರಂಗಜೇಬನಿಗೆ ಎಂಬತ್ತಾರು ವರ್ಷ. ಬಿಜಾಪುರ, ಗೋಲ್ಕೊಂಡಗಳನ್ನು ನುಂಗಿದ ದಂಡು ಅವನ ಹಿಂದಿತ್ತು. ಶಹಾಪುರದ ಹತ್ತಿರದ ಸಗರ ಕೋಟೆ 1687ರಲ್ಲೇ ಮೊಗಲರ ವಶವಾಗಿತ್ತು. ಆದರೂ ಸುರಪುರದ ಪಕ್ಕದ ಈ ಗುಡ್ಡಗೋಟೆ ಏಪ್ರಿಲ್ ಕೊನೆಯವರೆಗೆ ಬಗ್ಗಲಿಲ್ಲ. ಬಗ್ಗಿದಾಗಲೂ ಕೋಟೆಯ ಒಡೆಯ ಪಿಡ್ಡನಾಯಕ ಕೈಗೆ ಸಿಗದೆ ಪಾರಾಗಿದ್ದ. ಬಾದಶಹ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು.

ಕೋಟೆ ಕಾದವರು ಬೇಡರು. ಕೃಷ್ಣೆ–ಭೀಮೆಯರ ನಡುವಣ ಕಲ್ಲುಗುಡ್ಡ, ಎರೆಹೊಲಗಳ ಈ ಸೀಮೆಯಲ್ಲಿ, ಕೆಂಭಾವಿಯಿಂದ ಸುರಪುರದ ತನಕ, ಅವರ ಗುರಿಗೆ ದೊಡ್ಡ ಹೆಸರಿತ್ತು. ಗುಂಡು ತಪ್ಪದ ಕಾಲಾಳುಗಳೆಂದು ಮೊಗಲರ ಕಡೆಯವರೂ ಅವರನ್ನು ಒಪ್ಪಿಕೊಂಡಿದ್ದರು.

ಅವರ ಕೈಲಿದ್ದದ್ದು ಬತ್ತಿ ಹೊತ್ತಿಸಿ ಹಾರಿಸುವ ಬಂದೂಕು. ಅದರ ಪ್ರತಿ ಈಡೂ ಕೈಯಾರೆ ತುಂಬಿದ್ದೇ. ಮೊದಲು ನಳಿಗೆಯ ಬಾಯಿಗೆ ಅಳತೆಯ ಮದ್ದು. ಅದರ ಮೇಲೆ ಅಚ್ಚಿನಲ್ಲಿ ಎರಕ ಹೊಯ್ದ ಸೀಸದ ಗುಂಡು. ಆಮೇಲೆ ಗಜ ಹಾಕಿ ಜಡಿಯಬೇಕು. ನಳಿಗೆಯ ಬುಡದ ಕಿವಿ ಎಂಬ ತೂತಿನ ಹತ್ತಿರದ ಬಟ್ಟಲಿಗೆ ಒಂದು ಚಿಟಿಕೆ ನುಣ್ಣನೆಯ ಮದ್ದು, ಅಂದರೆ ರಂಜಕ. ಬಂದೂಕಿನ ಕುದುರೆ ಎಳೆದಾಗ ಕೆಂಡದಂತಿರುವ ಬತ್ತಿ ಬಾಗಿ ರಂಜಕಕ್ಕೆ ತಾಕುತ್ತದೆ, ಕಿಡಿ ಕಿವಿಯೊಳಗೆ ಇಳಿಯುತ್ತದೆ. ಮದ್ದು ಕಡಿಮೆಯಾದರೆ ಗುಂಡು ನಡುದಾರಿಯಲ್ಲೇ ಬೀಳುತ್ತದೆ. ಹೆಚ್ಚಾದರೆ ನಳಿಗೆಯೇ ಸಿಡಿಯಬಹುದು. ಮಳೆಯಲ್ಲಿ ಬತ್ತಿ ನೆನೆಯಿತೋ, ಬಂದೂಕು ಬರೀ ದೊಣ್ಣೆ.

ಮದ್ದಿಗೆ ಬೇಕಾದದ್ದು ಪೆಟ್ಲುಪ್ಪು, ಗಂಧಕ, ಇದ್ದಿಲು. ಹಳೆಯ ಊರುಗಳ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕುದಿಸಿ ಪೆಟ್ಲುಪ್ಪು ತೆಗೆಯುವುದು ದೇಶದ ಹಲವೆಡೆ ನಡೆದಿದ್ದ ಕಸುಬು. ಗಂಧಕ, ಸೀಸ ಪೇಟೆಯ ಸರಕು. ಬಂದೂಕುಗಳನ್ನು ಎಣಿಸಿ ಕಸಿಯಬಹುದಾಗಿತ್ತು. ಇದ್ದಿಲು, ಮಣ್ಣಿನುಪ್ಪಿನ ಲೆಕ್ಕ ಇಡುವುದು ಯಾವ ಸರ್ಕಾರಕ್ಕೂ ಸುಲಭವಿರಲಿಲ್ಲ.

1857ರಲ್ಲಿ ಮದ್ದುಗುಂಡು, ಆಯುಧಗಳ ಈ ಕಗ್ಗಂಟು ಎರಡು ಕಡೆಯಿಂದ ಬಿಗಿಯಿತು. ಎನ್‌ಫೀಲ್ಡ್ ಬಂದೂಕಿಗೆ ಕಂಪನಿ ಸರ್ಕಾರ ಕಾಗದದ ತೋಟಾ ಕೊಟ್ಟಿತು. ಅಳೆದ ಮದ್ದು, ಗುಂಡು ಎರಡೂ ಒಂದೇ ಸುರುಳಿಯಲ್ಲಿ. ಹಲ್ಲಿಂದ ಹರಿದು ನಳಿಗೆಗೆ ಸುರಿದರಾಯಿತು. ಆ ಕಾಗದಕ್ಕೆ ಸವರಿದ ಕೊಬ್ಬು ಯಾವ ಪ್ರಾಣಿಯದೆಂಬ ಗುಮಾನಿ ಉತ್ತರದ ಸಿಪಾಯಿಗಳನ್ನು ಕೆರಳಿಸಿತು. ಇತ್ತ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಬೇಕೆಂಬ ಕಾಯಿದೆಯನ್ನು ಧಿಕ್ಕರಿಸಿದರು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೆರೆಯಾದವರನ್ನು ಗಲ್ಲಿಗೇರಿಸಲಾಯಿತು. ಜನ ಆ ಕಥೆಯನ್ನು ಲಾವಣಿ ಕಟ್ಟಿ ಹಾಡಿದರು.

ಸುರಪುರದ ಸರದಿ 1858ರ ಫೆಬ್ರವರಿಯಲ್ಲಿ ಬಂತು. ರಾಜಾ ವೆಂಕಟಪ್ಪ ನಾಯಕನ ಬೇಡರಿಗೂ ಬ್ರಿಟಿಷ್ ಪಡೆಗೂ ನಡೆದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ಅವನನ್ನು ಬಾಲ್ಯದಿಂದ ಬಲ್ಲ, ಅವನಿಂದ 'ಅಪ್ಪಾ' ಎಂದು ಕರೆಸಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಮುಂದಿನದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ: ಚೆಂಗಲ್ಪಟ್ಟಿನ ಸೆರೆಗೆ ಒಯ್ಯುವ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನಿಂದ ಹಾರಿದ ಗುಂಡಿಗೆ ರಾಜ ಬಲಿಯಾದ. ಆ ಕಾಲದ ರಿವಾಲ್ವರಿಗೂ ಮದ್ದು ಗುಂಡು ಕೈಯಿಂದಲೇ ತುಂಬಬೇಕಿತ್ತು. ಆದರೆ ಐದಾರು ಈಡು ಒಮ್ಮೆಗೇ ಸಿದ್ಧವಾಗಿರುತ್ತಿದ್ದವು. ಬತ್ತಿಯ ಬಂದೂಕಿಗೆ ಈ ಅನುಕೂಲ ಎಲ್ಲಿಯದು?

1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ವಾಗಣಗೇರಾ ಮುತ್ತಿಗೆಯಲ್ಲಿ ಮೊಗಲರ ಪರ ಕಾದಿದ್ದ ಚಿನ್ ಖಿಲಿಚ್ ಖಾನನೇ ಆ ಮನೆತನದ ಮೂಲಪುರುಷ, ಮೊದಲ ನಿಜಾಮ.

ಆ ಹೊತ್ತಿಗೆ ಹಿತ್ತಾಳೆ ತೋಟಾಗಳ ಕಾಲ ಶುರುವಾಗುತ್ತಿತ್ತು. ಕೇಪು, ಮದ್ದು, ಗುಂಡು ಒಂದೇ ಕೊಳವೆಯಲ್ಲಿ. ನೆನೆಯುವ ಭಯ ಕಡಿಮೆ, ತುಂಬುವುದು ಕ್ಷಣದ ಕೆಲಸ. ಪುಣೆ ಬಳಿಯ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಎದ್ದಿತು. 1878ರ ಆಯುಧ ಕಾಯಿದೆ ಬಂದೂಕಿನ ಜೊತೆಗೆ ಮದ್ದುಗುಂಡನ್ನೂ ಪರವಾನಗಿಯ ಕಟ್ಟಿಗೆ ತಂದಿತು. ಕಾರ್ಖಾನೆಯ ತೋಟಾವನ್ನು ಒಂದೊಂದಾಗಿ ಎಣಿಸಬಹುದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬಹುದು. ಮಣ್ಣಿನುಪ್ಪಿಗೆ ಸಿಗದ ಲೆಕ್ಕ ಇಲ್ಲಿ ಸಿಕ್ಕಿತು.

ಹಾರಿಸಿದ ಹಿತ್ತಾಳೆ ಕೊಳವೆಯನ್ನು ಎಸೆಯದೆ, ಹಳೆಯ ಕೇಪು ತೆಗೆದು, ಬಾಯಿ ಸರಿಪಡಿಸಿ, ಮತ್ತೆ ಮದ್ದು ಗುಂಡು ತುಂಬುವ ಹವ್ಯಾಸ ಅಮೆರಿಕದ ಬೇಟೆಗಾರರಲ್ಲಿ ಇಂದಿಗೂ ಬಲವಾಗಿದೆ. ಅಲ್ಲಿ ಅದಕ್ಕೆ ಬೇಕಾದ ಸಲಕರಣೆ ಅಂಗಡಿಯಲ್ಲೇ ಸಿಗುತ್ತದೆ. ಭಾರತದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೂ ಕಡಿವಾಣ ಹಾಕಿತು. ಕೊಡವರಿಗೆ, ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಸಿಕ್ಕ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಬಂದೂಕಿನಿಂದಲೇ ಹೆಸರಾದ ಸುರಪುರದ ಬೇಡರಿಗೆ ಅಂಥ ವಿನಾಯಿತಿ ಇಲ್ಲ.